ಆಧಾರ್ ಬೆರಳಚ್ಚಿಗೂ ಒಂದು ಬೀಗವಿದೆ

ಬೆರಳಚ್ಚು ಕೊಡುವ ಕೆಲಸವಿಲ್ಲದ ದಿನಗಳಲ್ಲಿ, ಮೈಆಧಾರ್ ಜಾಲತಾಣಕ್ಕೆ ಒಟಿಪಿ ಮೂಲಕ ಲಾಗಿನ್ ಆಗಿ ನಿಮ್ಮ ಬಯೋಮೆಟ್ರಿಕ್ ಅನ್ನು, ಅಂದರೆ ಆಧಾರ್‌ನಲ್ಲಿರುವ ಬೆರಳಚ್ಚಿನಂಥ ದೇಹದ ಗುರುತುಗಳನ್ನು, ಲಾಕ್ ಮಾಡಿಡಿ. ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಊರಿನಲ್ಲೇ ಹಣ ಕೊಡುವ ಪ್ರತಿನಿಧಿಗಳು) ಪುಟ್ಟ ಯಂತ್ರದಲ್ಲಿ ನಡೆಯುವ ಎಇಪಿಎಸ್, ಅಂದರೆ ಆಧಾರ್ ಆಧಾರಿತ ಹಣ ಪಾವತಿಯ ವ್ಯವಹಾರಕ್ಕೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು, ಪಿನ್ ಆಗಲಿ ಒಟಿಪಿ ಆಗಲಿ ಬೇಕಿಲ್ಲ. ಆದ್ದರಿಂದ ಕ್ರಯಪತ್ರದ ಪ್ರತಿಯಲ್ಲಿ ಮೂಡಿರುವ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ ಖಾತೆಯಿಂದ ಹಣ ತೆಗೆಯುವ ವಂಚಕರಿಗೆ ಅದು ಸುಲಭದ ದಾರಿಯಾಗಿದೆ. ಲಾಕ್ ಆಗಿರುವಾಗ ಅಂತಹ ನಕಲು ಬೆರಳನ್ನು ಒತ್ತಿದರೆ 330 ಎಂಬ ದೋಷಸಂಖ್ಯೆ ಬಂದು ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಆದರೆ ಈ ಬೀಗ ಕಳ್ಳನನ್ನೂ ಮನೆಯವರನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ: ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ಅಕ್ಕಿ ಪಡೆಯುವ ಮುನ್ನ, ಪಿಂಚಣಿದಾರರು ಜೀವನ್ ಪ್ರಮಾಣ್ (ತಾವು ಬದುಕಿರುವುದಕ್ಕೆ ಕೊಡುವ ಡಿಜಿಟಲ್ ಪ್ರಮಾಣಪತ್ರ) ಸಲ್ಲಿಸುವ ಮುನ್ನ ನೀವೇ ಅದನ್ನು ತೆರೆದಿರಬೇಕು, ಅದೂ ಮನೆಯಿಂದ ಹೊರಡುವಾಗಲೇ ಮಾಡಿಕೊಂಡರೆ ಒಳ್ಳೆಯದು, ಸಾಲಿನಲ್ಲಿ ನಿಂತಾಗ ನೆಟ್‌ವರ್ಕ್ ಕೈಕೊಡುವುದೇ ಹೆಚ್ಚು. ಲಾಕ್ ಮಾಡಿದ ಮೇಲೂ ಒಟಿಪಿ ಆಧಾರಿತ ದೃಢೀಕರಣ ಎಂದಿನಂತೆ ನಡೆಯುವುದರಿಂದ, ಫೋನಿನಲ್ಲಿ ಒಟಿಪಿ ಕೇಳಿ ಪಡೆಯುವವರನ್ನು ಇದು ತಡೆಯದು. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಆ ಕೆಲಸ ಮುಗಿಸಿಕೊಳ್ಳಬೇಕು.