ಹಸಿ ಕಸದ ಗೊಬ್ಬರ: ತೊಟ್ಟಿ ಆಮೇಲೆ, ತರಗೆಲೆ ಮೊದಲು

ಅಪಾರ್ಟ್‌ಮೆಂಟಿನಲ್ಲೇ ಹಸಿ ಕಸ ಗೊಬ್ಬರ ಮಾಡೋಣ ಅಂತ ಮೀಟಿಂಗ್ ಆದ ಕೂಡಲೇ ಎಲ್ಲರೂ ಕೇಳುವುದು ಯಾವ ಮೆಷಿನ್ ಅಂತ. ನಾನು ಕೇಳುವುದು ಹಸಿ ಕಸಕ್ಕೆ ಬೆರೆಸಲು ತರಗೆಲೆ ಎಷ್ಟು ಗೋಣಿ ಉಂಟು ಅಂತ. ಮಂಗಳೂರಿನಲ್ಲಿ ಮಳೆ ಹಿಡಿದ ಮೇಲೆ ಒಣಗಿದ್ದು ಏನೂ ಸಿಗುವುದಿಲ್ಲ, ಕಸ ಮಾತ್ರ ದಿನಾ ಬರುತ್ತದೆ. ನಾವು ಮೊದಲ ವರ್ಷ ಜೂನ್ ಮಧ್ಯದಲ್ಲಿ 12 ಗೋಣಿ ಇಟ್ಟುಕೊಂಡು ಶುರು ಮಾಡಿದೆವು. ಜುಲೈ ಎರಡನೇ ವಾರಕ್ಕೆ ಖಾಲಿ. ಆಮೇಲೆ ಮೊದಲ ಮಹಡಿಯವರು ಕಿಟಕಿ ತೆರೆಯಲೇ ಇಲ್ಲ ಮಾರಾಯ್ರೆ.

ಮೊದಲು ಒಂದು ವಾರ ಕಸ ತೂಗಿ. 40 ಮನೆಗೆ ದಿನಕ್ಕೆ ಸುಮಾರು 25 ಕೆಜಿ ಅಂದುಕೊಳ್ಳಿ. ಹಲಸಿನ ಕಾಲದಲ್ಲಿ ಜಾಸ್ತಿ. ಇಷ್ಟಕ್ಕೆ ನಾಲ್ಕಡಿ ಉದ್ದ, ಅಗಲ, ಎತ್ತರದ ಮೂರು ತೊಟ್ಟಿ ಸಾಕು. ಒಂದು ತುಂಬುತ್ತಿರುವಾಗ ಉಳಿದೆರಡು ಮಾಗುತ್ತಿರುತ್ತವೆ. ತರಗೆಲೆಗೆ ಬೇರೆ ಜಾಗ ಬೇಕು, ಅದೇ ದೊಡ್ಡದು. ಕೆಂಪುಕಲ್ಲನ್ನು ಮಧ್ಯೆ ಮಧ್ಯೆ ಸಂದು ಬಿಟ್ಟು ಕಟ್ಟಿ, ಗಾಳಿ ಆಡಬೇಕು. ತಳ ಸ್ವಲ್ಪ ಇಳಿಜಾರಾಗಿ, ನೀರು ಒಂದು ಕಡೆ ಬಸಿಯುವ ಹಾಗಿರಲಿ. ಮೇಲಿನ ಶೀಟ್ ನಾಲ್ಕೂ ಕಡೆ ಮೂರಡಿಯಾದರೂ ಹೊರಗೆ ಚಾಚಿರಲಿ, ನಮ್ಮ ಮಳೆ ನೇರ ಬೀಳುವುದಿಲ್ಲ ಅಲ್ವಾ.

24 ಗಂಟೆಯಲ್ಲಿ ಗೊಬ್ಬರ ಕೊಡುವ ಮೆಷಿನ್ ಅಂತ ಹೇಳಿಕೊಂಡು ಬರುವವರಿದ್ದಾರೆ. ಅಂಥ ಮೆಷಿನ್ನಿಂದ ಬರುವುದು ಒಣಗಿಸಿದ ಕಸದ ಹುಡಿ. ನೀರು ತಾಗಿದರೆ ಮತ್ತೆ ಕೊಳೆಯಲು ಶುರು. ಕರೆಂಟ್ ಬಿಲ್ ಬೇರೆ.

ಇನ್ನು ದಿನದ ಕೆಲಸ. ಅನ್ನ ಸಾರಿನ ನೀರು ಬಸಿದು, ಒಂದು ಬಕೆಟ್ ಕಸಕ್ಕೆ ಒಂದು ಬಕೆಟ್ ತರಗೆಲೆ ಕಲಸಿ ಹಾಕಿ, ಮೇಲಿಂದ ಕಸ ಕಾಣದಷ್ಟು ತರಗೆಲೆ ಮುಚ್ಚಿ. ಮೊದಲ ದಿನ ಒಂದಷ್ಟು ಹಳೆ ಗೊಬ್ಬರ ಅಥವಾ ಸೆಗಣಿ ಬೆರೆಸಿದರೆ ಸಾಕು, ಕಸ ಕೊಳೆಸಲು ಬಾಟಲಿಯಲ್ಲಿ ಮಾರುವ ಸೂಕ್ಷ್ಮಾಣುಗಳ ಕಲ್ಚರ್ ಬೇಕಿಲ್ಲ. ಬಂಗುಡೆ ತಲೆ, ಬೂತಾಯಿ ಕರುಳು, ಹೀಗೆ ಮೀನಿನ ಕಸ ಹಾಕಬಹುದು, ಆದರೆ ನಡುವಿನಲ್ಲಿ ಒಂದಡಿ ಆಳಕ್ಕೆ ಹುಗಿಯಬೇಕು. ಇಲ್ಲದಿದ್ದರೆ ಬೀದಿಯ ಬೆಕ್ಕೆಲ್ಲ ನಿಮ್ಮದೇ. ಬೊಂಡದ (ಎಳನೀರಿನ) ಚಿಪ್ಪು, ಮರುವಾಯಿ (ಕಪ್ಪೆಚಿಪ್ಪಿನ) ಚಿಪ್ಪು ಬೇಡ, ಅವು ಬೇಗ ಕರಗುವುದಿಲ್ಲ.

ವಾರಕ್ಕೊಮ್ಮೆ ಹಾರೆಯಿಂದ ಮಗುಚಿ. ಒಳಗೆ 55ರಿಂದ 65 ಡಿಗ್ರಿ ಬಿಸಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ, ಮುಟ್ಟಿದ ಕೈ ತಾನಾಗಿ ಹಿಂದೆ ಬಂದರೆ ಸರಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ಹದ. ಧಾರೆಯಾಗಿ ಇಳಿದರೆ ತರಗೆಲೆ ಸೇರಿಸಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲದು, ಮಗುಚಿ. ಮೂಗಿಗೆ ಚುರ್ರೆನ್ನುವ ಮೂತ್ರದ ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ. ದಪ್ಪ ಹುಳುಗಳನ್ನು ನೋಡಿ ಹೆದರಿ ಫಿನೈಲ್ ಸುರಿಯಬೇಡಿ! ಅವು ಕಸ ತಿನ್ನುವ ಕಪ್ಪು ನೊಣದ ಮರಿಗಳು, ನಿಮ್ಮ ಪರವಾಗಿ ದುಡಿಯುವವು.

ತೊಟ್ಟಿ ತುಂಬಿ ಎರಡು ತಿಂಗಳಾದ ಮೇಲೆ ಜರಡಿ ಹಿಡಿಯಿರಿ. ಮಣ್ಣಿನ ವಾಸನೆ ಬರಬೇಕು. ಅನುಮಾನವಿದ್ದರೆ ಅರ್ಧ ಮಣ್ಣು ಬೆರೆಸಿ ನಾಲ್ಕು ಹೆಸರುಕಾಳು ಬಿತ್ತಿ. ಮೊಳಕೆ ಬರದಿದ್ದರೆ ಇನ್ನೂ ಮಾಗಿಲ್ಲ.

ಜನರನ್ನು ಒಪ್ಪಿಸುವುದು ಕಷ್ಟ, ನಿಜ. 2019ರ ಆಗಸ್ಟಿನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂದದ್ದನ್ನು ನೆನಪಿಸಿದರೂ ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ಹಸಿ ಕಸಕ್ಕೇ ಹಾಕುವವರಿದ್ದಾರೆ. ಅವರ ಬಕೆಟ್ ಹಾಗೆಯೇ ಬಾಗಿಲಲ್ಲಿ ಬಿಟ್ಟು ಬನ್ನಿ, ಮೂರು ದಿನ ಸಾಕು.

ತರಗೆಲೆಯ ಲೆಕ್ಕಕ್ಕೆ ಬರುತ್ತೇನೆ. ಮೆಟ್ಟಿ ತುಂಬಿಸಿದ ಒಂದು ಗೋಣಿ ನಮಗೆ ಎರಡು ದಿನ ಬರುತ್ತದೆ, ಅಂದರೆ ಮಳೆಗಾಲದ ನಾಲ್ಕು ತಿಂಗಳಿಗೆ 60 ಗೋಣಿ. ಮಾವು, ಗೇರು, ಬಾದಾಮಿ ಮರದ ಎಲೆ ಉದುರುವಾಗಲೇ ಗುಡಿಸಿಡಿ, ಸುಡಲು ಬಿಡಬೇಡಿ. ಸಾಲದಿದ್ದರೆ ಸಾಮಿಲ್ಲಿನ ಮರದ ಹುಡಿ, ತೆಂಗಿನ ನಾರಿನ ಹುಡಿ ಆದೀತು. ಪ್ಲೈವುಡ್ ಹುಡಿ ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ.