ಕಕ್ಕಡದ ಮಳೆಗೂ ನಿಲ್ಲದ ಸಿ.ಡಿ. ಪ್ಲೇಯರ್: ನನ್ನ ಅನುಭವ

ಸಿ.ಡಿ. ಪ್ಲೇಯರ್ ಕೊಳ್ಳುವವರು ಮೊದಲು ಡ್ಯಾಕ್ ಚಿಪ್, ಅಂದರೆ ಡಿಸ್ಕಿನ ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಿಗ್ನಲ್ ಮಾಡುವ ಚಿಪ್, ಯಾವುದು ಅಂತ ಕೇಳುತ್ತಾರೆ. ನಾನು ಕೇಳುವುದು ಡಿಸ್ಕ್ ಓದುವ ಲೆನ್ಸ್ ಯಾವುದು, ಬಿಡಿಯಾಗಿ ಸಿಗುತ್ತದಾ ಅಂತ. ಡ್ಯಾಕ್ ಬೇಕಾದರೆ ಹೊರಗಿನಿಂದ ಜೋಡಿಸಬಹುದು. ಲೆನ್ಸ್ ಹೋಗಿ ಬದಲಿ ಸಿಗದಿದ್ದರೆ ಇಡೀ ಪೆಟ್ಟಿಗೆ ಗುಜರಿಗೆ. ಮಡಿಕೇರಿಯ ಗೆಳೆಯರು ಇದನ್ನು ಒಪ್ಪಲೇ ಇಲ್ಲ. "ಯಾಕೆ ಮಾರಾಯ್ರೆ ಇಷ್ಟು ತಲೆಬಿಸಿ? ಹೊಸದೊಂದು ತಗೊಳ್ಳಿ, ಇಲ್ಲಾಂದ್ರೆ ಸುಮ್ನೆ ಫೋನಲ್ಲಿ ಕೇಳಿ" ಅಂದರು. ಆಮೇಲೆ ಕೆಲವು ಮಳೆಗಾಲ ದಾಟಿವೆ. ನನ್ನ ಪ್ಲೇಯರ್ ಇನ್ನೂ ಒಂದು ಟ್ರ್ಯಾಕ್ ಹಾರಿಸಿಲ್ಲ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳುತ್ತೇನೆ. ಹೊಸ ಪ್ಲೇಯರ್‌ಗೆ ಸುಮಾರು 30 ಸಾವಿರ. ಧ್ವನಿ ಚೆನ್ನಾಗಿಯೇ ಇತ್ತು. ಮುಂದಿನ ಕಕ್ಕಡಕ್ಕೆ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳಿಗೆ, 'ನೋ ಡಿಸ್ಕ್' ಅಂತ ತೋರಿಸತೊಡಗಿತು. ಲೆನ್ಸ್ ಮೇಲೆ ಬಿಳಿ ಬೂಷ್ಟು. ಒರೆಸಿದರೆ ಒಂದು ವಾರ ಓಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಬರೀ ಲೆನ್ಸ್ ಬರುವುದಿಲ್ಲ, ಇಡೀ ಮೆಕ್ಯಾನಿಸಂ ಬದಲಿಸಬೇಕು, ಎಂಟೊಂಬತ್ತು ಸಾವಿರ ಆಗುತ್ತದೆ ಅಂದರು ಸರ್ವೀಸಿನವರು. ಆಮೇಲೆ ತಂದದ್ದು ಜಪಾನಿನ 100 ವೋಲ್ಟಿನ ಹಳೆಯದೊಂದು. ಹತ್ತು ಕೆ.ಜಿ. ಮೇಲೆ ತೂಕ, ಜೊತೆಗೆ ಇಲ್ಲಿನ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ. ಅದರ ಧ್ವನಿಯನ್ನು ಇವತ್ತಿಗೂ ಹೊಗಳುತ್ತೇನೆ. ಆದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದರೂ ಅದರ ಲೆನ್ಸ್ ಸಿಗಲಿಲ್ಲ.

ನಡುವೆ ಮನೆಯಲ್ಲಿದ್ದ ಡಿವಿಡಿ ಪ್ಲೇಯರ್‌ಗೆ ಡ್ಯಾಕ್ ಜೋಡಿಸಿಯೂ ನೋಡಿದೆ. ಖರ್ಚಿಲ್ಲದ ದಾರಿ, ಧ್ವನಿಗೂ ಅಡ್ಡಿಯಿಲ್ಲ. ಆದರೆ ಟ್ರ್ಯಾಕ್ ಬದಲಾಗುವಾಗ ಅರೆಕ್ಷಣ ಸದ್ದೇ ಇಲ್ಲ. ರಾಗಂ, ತಾನಂ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್ ಆಗಿರುವ ಕಛೇರಿಯಲ್ಲಿ ತಂಬೂರಿ ಹೀಗೆ ಕಡಿದು ಹೋದರೆ ಕೇಳುವುದು ಹೇಗೆ?

ಕೊನೆಗೆ ಕೈ ಹಿಡಿದದ್ದು ಸೋನಿ ಕೆಎಸ್‌ಎಸ್-213 ಪಿಕಪ್ ಇರುವ ಹಳೆಯ ಪ್ಲೇಯರ್. ಪಿಕಪ್ ಅಂದರೆ ಲೆನ್ಸ್, ಲೇಸರ್ ಎರಡೂ ಇರುವ ಭಾಗ. ಈ ಪಿಕಪ್ ಬೇರೆ ಎಷ್ಟೋ ಕಂಪನಿಗಳ ಪ್ಲೇಯರ್‌ನಲ್ಲೂ ಇದೆ, ಬದಲಿ ಈಗಲೂ ಸಿಗುತ್ತದೆ. ಮೈಸೂರಿಗೆ ನೋಡಲು ಹೋಗುವಾಗ ಎರಡು ಡಿಸ್ಕ್ ಒಯ್ದಿದ್ದೆ. 74 ನಿಮಿಷ ತುಂಬಿದ್ದು ಒಂದು, ಮನೆಯಲ್ಲಿ ಬರೆದ ಸಿಡಿ-ಆರ್ ಒಂದು. ಸಿ.ಡಿ. ಒಳಗಿನಿಂದ ಹೊರಕ್ಕೆ ಓಡುತ್ತದಲ್ವಾ? ಒಳಗೆ ನಿಮಿಷಕ್ಕೆ 500 ಸುತ್ತು, ಅಂಚಿಗೆ ಬರುವಾಗ 200. ಶುರುವಿನಲ್ಲೇ ತಡವರಿಸಿದರೆ ಮೋಟರ್ ಮೇಲೆ ಅನುಮಾನ. ಕೊನೆಯ ಟ್ರ್ಯಾಕಿನಲ್ಲಿ ಹಾರಿದರೆ ಪಿಕಪ್ ಓಡಾಡುವ ಕಂಬಿಯ ಗ್ರೀಸ್ ಗಟ್ಟಿಯಾಗಿರಬಹುದು. ಸಿಡಿ-ಆರ್ ಬೆಳಕನ್ನು ಕಡಿಮೆ ವಾಪಸ್ ಕೊಡುತ್ತದೆ, ಹಾಗಾಗಿ ಸೋತ ಲೇಸರ್ ಮೊದಲು ಅಲ್ಲೇ ಸಿಕ್ಕಿಬೀಳುತ್ತದೆ. ಇದು ಫುಲ್ ಡಿಸ್ಕ್ ಓದಿತು, ಸಿಡಿ-ಆರ್ ಓದಲಿಲ್ಲ. ಮಾರುವವರು ಅಲ್ಲೇ ಬೆಲೆ ಇಳಿಸಿದರು. ನಾಲ್ಕು ಸಾವಿರ ಚಿಲ್ಲರೆಗೆ ಮುಗಿಯಿತು. ಲೇಸರ್ ಹೇಗೂ ಬದಲಿಸುವವನೇ ಇದ್ದೆ.

ಹೊಸ ಪಿಕಪ್ ಆರೇಳು ನೂರು. ಕೈ ತಾಗಿದಾಗ ಹರಿಯುವ ಸ್ಟ್ಯಾಟಿಕ್ ವಿದ್ಯುತ್ತಿನಿಂದ ಲೇಸರ್ ಸುಡದಿರಲಿ ಅಂತ ಅದರ ಸರ್ಕ್ಯೂಟ್ ಮೇಲೆ ಸಾಸಿವೆ ಗಾತ್ರದ ಬೆಸುಗೆ ಬೊಟ್ಟು ಇಟ್ಟಿರುತ್ತಾರೆ. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ತೆಗೆಯಲೇಬೇಕು. ಬೊಟ್ಟು ಹಾಗೇ ಬಿಟ್ಟು, ಲೇಸರ್ ಉರಿಯದಿದ್ದಾಗ ಡೂಪ್ಲಿಕೇಟ್ ಮಾಲು ಅಂತ ಒಳ್ಳೆ ಪಿಕಪ್ ಎಸೆದವರನ್ನು ನೋಡಿದ್ದೇನೆ. ನಾನು ಎಲ್ಲಿಂದ ತರಿಸುತ್ತೇನೆ ಅಂತ ಮಾತ್ರ ಹೇಳುವುದಿಲ್ಲ. ಅವರ ಹತ್ತಿರ ಸ್ಟಾಕ್ ಜಾಸ್ತಿ ಇಲ್ಲ.

ಇಷ್ಟಾದರೂ ತೇವ ತಡೆಯದಿದ್ದರೆ ಎಲ್ಲ ದಂಡ. ಸಿಲಿಕಾ ಜೆಲ್ ಇಟ್ಟೆ. ಜುಲೈಯಲ್ಲಿ ನಾಲ್ಕೈದು ದಿನಕ್ಕೇ ನೀಲಿ ಬಣ್ಣ ಹೋಗುತ್ತಿತ್ತು, ಮತ್ತೆ ಬಿಸಿ ಮಾಡಬೇಕು. ಇದ್ದಿಲು ಇಟ್ಟೆ, ಕಪಾಟಿನ ತುಂಬ ಕರಿ ಪುಡಿ. ಗೆದ್ದದ್ದು ಝೀರೋ ವಾಟ್ ಬಲ್ಬ್. ಎಲ್‌ಇಡಿ ಅಲ್ಲ, ಬಿಸಿಯಾಗುವ ಹಳೆಯ ತಂತಿ ಬಲ್ಬ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಕಪಾಟಿನ ತಳದಲ್ಲಿ ಉರಿಯುತ್ತಲೇ ಇರುತ್ತದೆ. ಪ್ಲೇಯರ್ ಮುಟ್ಟಿದರೆ ಉಗುರು ಬೆಚ್ಚಗೆ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಿಂದ ಆಂಪ್ಲಿಫೈಯರ್ ಗುಂಯ್‌ಗುಡುತ್ತಿತ್ತು. ಸೈನ್ ವೇವ್ ಹಾಕಿದೆ, ನಿಂತಿತು.

ಎಂಟು ಸಾವಿರದ ಡ್ಯಾಕ್, ಅದನ್ನು ಪ್ಲೇಯರ್‌ಗೆ ಜೋಡಿಸುವ 75 ಓಮ್ ಕೋಆಕ್ಸಿಯಲ್ ಕೇಬಲ್ ಸೇರಿಸಿ ಒಟ್ಟು 15 ಸಾವಿರದ ಒಳಗೇ ಬಂತು, ಇನ್ವರ್ಟರ್ ಬಿಟ್ಟು. ಇದನ್ನು ವಿರಾಜಪೇಟೆಯ ಗೆಳೆಯರ 60 ಸಾವಿರದ ಪ್ಲೇಯರ್ ಪಕ್ಕ ಇಟ್ಟು ಕೇಳಿದೆವು. ಮೊದಲು ಎಲ್ಲರೂ ಅವರದ್ದಕ್ಕೇ ಓಟು ಹಾಕಿದರು. ಅವರ ಪ್ಲೇಯರ್‌ನ ಔಟ್‌ಪುಟ್ ಜಾಸ್ತಿ ಇತ್ತು, ಹಾಗಾಗಿ ಸದ್ದು ಜೋರು, ಅಷ್ಟೇ. ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ಎರಡನ್ನೂ ಸಮ ಮಾಡಿದೆ. ಆಮೇಲೆ ಯಾವುದು ಓಡುತ್ತಿದೆ ಅಂತ ಅವರಿಗೇ ಹೇಳಲಾಗಲಿಲ್ಲ. ಅದೇ ಸಂಜೆ ಡಿಸ್ಕಿನ ಅಂಚಿಗೆ ಹಸಿರು ಮಾರ್ಕರ್ ಬಳಿಯುವ ಹಳೆಯ ಪ್ರಯೋಗವನ್ನೂ ಮಾಡಿದೆವು. ಕೈಗೆ ಬಣ್ಣ ಮೆತ್ತಿತು, ಕಿವಿಗೆ ಏನೂ ಗೊತ್ತಾಗಲಿಲ್ಲ.

ಈಗ ಮಡಿಕೇರಿಯ ಅದೇ ಗೆಳೆಯರು ಇದೇ ಪಿಕಪ್‌ನ ಪ್ಲೇಯರ್ ಹುಡುಕುತ್ತಿದ್ದಾರೆ. ಟ್ರೇ ತೆರೆಯುವುದಿಲ್ಲ ಅಂತ ಯಾರಾದರೂ ಅರ್ಧ ಬೆಲೆಗೆ ಕೊಟ್ಟರೆ ಬಿಡಬೇಡಿ ಅಂದಿದ್ದೇನೆ. ಹೆಚ್ಚಿನ ಸಲ ಸಡಿಲವಾದ ರಬ್ಬರ್ ಬೆಲ್ಟ್ ಅಷ್ಟೇ, ಐವತ್ತು ರೂಪಾಯಿ ಕೆಲಸ.