ರೋಸೆನ್‌ಸ್ಟಾಕ್-ಹ್ಯೂಸಿಯನ್ನ ಗುಂಪಲ್ಲಿ ಓದಿಸಿದ್ದು: ನನ್ನ ಅನುಭವ

ಜರ್ಮನಿಯಿಂದ ಅಮೆರಿಕಕ್ಕೆ ಹೋದ ಚಿಂತಕ ಯೂಜೆನ್ ರೋಸೆನ್‌ಸ್ಟಾಕ್-ಹ್ಯೂಸಿಯನ್ನ ಗುಂಪಲ್ಲಿ ಓದ್ಸೋಕಾಗಲ್ಲ, ಮೂರನೇ ವಾರಕ್ಕೆ ನೀನೊಬ್ನೇ ಕೂತಿರ್ತೀಯ ಅಂದಿದ್ದ ಫಿಲಾಸಫಿ ಮೇಷ್ಟ್ರುಗಳೇ ಈಗ ಹೇಗ್ ಮಾಡ್ದೆ ಮಾರಾಯ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೀತಿದೀನಿ.

ಮೊದಲ ರೌಂಡು ಯುರೋಪಿನ ಕ್ರಾಂತಿಗಳ ಬಗ್ಗೆ ಅವನ ಪುಸ್ತಕ, 1938ರಲ್ಲಿ ಬಂದ "ಔಟ್ ಆಫ್ ರೆವಲ್ಯೂಷನ್". ಹತ್ತತ್ರ 800 ಪುಟ, ಸೆಕೆಂಡ್ ಹ್ಯಾಂಡ್ ಕಾಪಿಗೆ ಶಿಪ್ಪಿಂಗ್ ಸೇರಿ ನಾಲ್ಕು ಸಾವಿರದ ಆಸುಪಾಸು ಬಿತ್ತು. ರಷ್ಯಾ, ಫ್ರಾನ್ಸು, ಇಂಗ್ಲೆಂಡು, ಜರ್ಮನಿಯಲ್ಲಿ ಚರ್ಚ್ ಸುಧಾರಣೆ ಶುರುಮಾಡಿದ ಲೂಥರು ಅಂತ ಹಿಂದಹಿಂದಕ್ಕೆ ಹೋಗೋ ಚರಿತ್ರೆ, ಆಮೇಲೆ ಪೋಪ್‌ಗಳ ಕಾಲ; ನಮ್ಮವರು ಲೂಥರ್ ಸ್ಟಾಪಲ್ಲೇ ಇಳ್ಕೊಂಡ್ರು. ಎರಡನೇ ರೌಂಡು ಪಿಪಿಟಿ, ಅವನ ಆ ಫೇಮಸ್ ಶಿಲುಬೆ ಚಿತ್ರ: ಮನುಷ್ಯ ನಡುವೆ, ಅವನನ್ನ ನಾಲ್ಕು ಕಡೆ ಎಳೆಯೋ ಹಿಂದೆ (ಕಳೆದದ್ದು), ಮುಂದೆ (ಬರೋದು), ಒಳಗೆ, ಹೊರಗೆ. ಹಾಲ್ ಬಾಡಿಗೆ, ಪ್ರೊಜೆಕ್ಟರ್, ಕಾಫಿ ಅಂತ ಸಂಜೆಗೆ ಸಾವಿರ ಚಿಲ್ಲರೆ ಕೈಯಿಂದ ಹೋಯ್ತು, ಎಲ್ರೂ ತಲೆ ಆಡಿಸಿದ್ರು, ಒಬ್ರೂ ಬಾಯಿ ಬಿಡ್ಲಿಲ್ಲ.

ವರ್ಕ್ ಆಗಿದ್ದು ಈಯಪ್ಪನ ವ್ಯಾಕರಣವನ್ನ, ಅಂದ್ರೆ ಮನುಷ್ಯ ಮಾತಿಗೆ ಬರೋದು "ನೀನು" ಅಂತ ಕರೆಸಿಕೊಂಡು ಅನ್ನೋ ವಾದವನ್ನ, ಈಯಪ್ಪನ ಮೇಲೇ ತಿರುಗಿಸಿದಾಗ. ಮಗು ಮೊದಲು ಕೇಳೋದು ತನ್ನ ಹೆಸರು, ಒಂದು ಆಜ್ಞೆ; "ನಾನು" ಅನ್ನೋದು ಆಮೇಲೆ, "ನಾನು ಯೋಚಿಸ್ತೀನಿ, ಅದಕ್ಕೇ ನಾನಿದ್ದೀನಿ" ಅಂದ ಡೆಕಾರ್ಟ್ ಜೊತೆ ಅವನ ಜಗಳವೇ ಅದು. ಸರಿ, ಪುಸ್ತಕ ಮುಚ್ಚಿಟ್ಟೆ. ಅವನು ಪಾಠ ಮಾಡ್ತಿದ್ದ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ರೆಕಾರ್ಡ್ ಮಾಡಿಟ್ಟ ಲೆಕ್ಚರ್‌ಗಳು ನೆಟ್ಟಲ್ಲಿ ಪುಕ್ಕಟೆ ಇವೆ, ಹತ್ತು ನಿಮಿಷ ಕೇಳಿಸೋದು, ತಕ್ಷಣ ಒಬ್ರ ಹೆಸರು ಹಿಡಿದು ಕರೆಯೋದು: "ಎದ್ದು ನಿಂತು ಅವನಿಗೆ ಉತ್ತರ ಕೊಡಿ." ರಿಟೈರ್ಡ್ ಬ್ಯಾಂಕ್ ಕ್ಯಾಷಿಯರ್ ಒಬ್ರು, ಅಲ್ಲಿವರೆಗೆ ಬರೀ ಬಿಸ್ಕತ್ ತಿಂತಿದ್ದೋರು, ಎದ್ದು "ನಿಂದೆಲ್ಲ ಸರಿ ಸ್ವಾಮಿ, ನಮ್ಮನೇಲಿ ನನ್ನ ಆಜ್ಞೆ ಯಾರೂ ಕೇಳಲ್ಲ" ಅಂದ್ರು ನೋಡಿ, ಅಲ್ಲಿಂದ ಒಂದೂವರೆ ಗಂಟೆ ಮಾತು ನಿಲ್ಲಲಿಲ್ಲ. ಹೀಗೆ "ನೀನು", ಆಮೇಲೆ "ನಾನು", ಆಮೇಲೆ "ನಾವು" ಅಂತ ಗುಂಪಿನ ಕಥೆ, "ಅವನು ಹೇಳೋದೇನಂದ್ರೆ" ಅನ್ನೋ ಸಾರಾಂಶ ಕಟ್ಟಕಡೆಗೆ. ಕಾಲೇಜಲ್ಲಿ ಉಲ್ಟಾ ಮಾಡ್ತೀವಲ್ಲ, ಅಲ್ಲೇ ಇರೋದು ಕಷ್ಟ. ಮೊದಲು ಯಾರ ಹೆಸರು ಕರೀಬೇಕು ಅನ್ನೋದಕ್ಕೆ ನಂದೊಂದು ಲೆಕ್ಕ ಇದೆ, ಅದನ್ನ ಮಾತ್ರ ಕೇಳ್ಬೇಡಿ.

ಇನ್ನೊಂದು, ಎಲ್ಲಾ ಓದಿದವರನ್ನೇ ಕೂರಿಸ್ಬೇಡಿ. 1928ರಲ್ಲಿ, ಆಗ ಜರ್ಮನಿಯಲ್ಲಿದ್ದ ಸೈಲೀಷ್ಯಾದಲ್ಲಿ ರೋಸೆನ್‌ಸ್ಟಾಕ್ ರೈತರು, ಕಾರ್ಮಿಕರು, ವಿದ್ಯಾರ್ಥಿಗಳನ್ನ ಒಂದೇ ಕ್ಯಾಂಪಲ್ಲಿ ಸೇರಿಸಿದ್ದ. ನಮ್ಮಲ್ಲಿ ಒಬ್ರು ಆಟೋ ಓಡಿಸೋರು ಇದ್ದಾರೆ; ಮೊದಲ ಮಹಾಯುದ್ಧದಲ್ಲಿ ವೆರ್ಡನ್‌ನಿಂದ ಬಂದ ಈ ರೋಸೆನ್‌ಸ್ಟಾಕ್ ಯೂನಿವರ್ಸಿಟಿ ನೌಕರಿಗೆ ಓಡದೆ ಡೈಮ್ಲರ್ ಕಾರ್ ಫ್ಯಾಕ್ಟರೀಲಿ ಕಾರ್ಮಿಕರ ಪೇಪರ್ ಯಾಕೆ ನಡೆಸಿದ ಅನ್ನೋದನ್ನ ಅವರಷ್ಟು ಚೆನ್ನಾಗಿ ಯಾರೂ ಹೇಳ್ಲಿಲ್ಲ.

ಶಿಲುಬೆ ಚಿತ್ರವನ್ನ ಅಪಾರ್ಟ್‌ಮೆಂಟ್ ಮೀಟಿಂಗಲ್ಲೂ ಟ್ರೈ ಮಾಡ್ದೆ, ನೀರಿನ ಬಿಲ್ ಜಗಳಕ್ಕೆ. ಯಾರು ಹಳೇದಕ್ಕೆ ನಿಂತಿದ್ದಾರೆ, ಯಾರು ಮುಂದಿನದಕ್ಕೆ ಅಂತ ಚೆನ್ನಾಗೇ ಗೊತ್ತಾಯ್ತು, ಬಿಲ್ ಹಾಗೇ ಇದೆ.

ಮುಂದಿನ ರೌಂಡು 1916ರ ಪತ್ರಗಳು, ಯುದ್ಧದ ನಡುವೆ ಕ್ರೈಸ್ತನಾಗಿದ್ದ ಇವನೂ ಇವನ ಗೆಳೆಯ, ಯಹೂದಿ ಚಿಂತಕ ಫ್ರಾನ್ಸ್ ರೋಸೆನ್‌ಜ್ವೈಗೂ ಕ್ರೈಸ್ತ-ಯಹೂದಿ ಅಂತ ಕಿತ್ತಾಡಿದ್ದು. ಎರಡು ದನಿಗೂ ಜನ ಸಿಕ್ಕಿದ್ದಾರೆ, ಝೆರಾಕ್ಸ್ ಖರ್ಚು ಯಾರು ಹಾಕ್ಕೊಳ್ಳೋದು ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.